ಯಾರದೋ ಮಳೆ, ನಮ್ಮ ಹೊಳೆ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಒಂದು ಇರ್ಲ ನೇತುಹಾಕಿದೆ. ಇರ್ಲ ಎಂದರೆ ಬಿದಿರಿನ ಸಣ್ಣ ಕಡ್ಡಿಗಳನ್ನು ಹೆಣೆದು, ನಡುವೆ ಅಗಲವಾದ ಎಲೆಗಳನ್ನು ಒತ್ತಿ ಮಾಡಿದ ಮಳೆಯ ಹೊದಿಕೆ. ತಲೆಯಿಂದ ಸೊಂಟದ ಕೆಳಗಿನವರೆಗೂ ಬರುತ್ತದೆ. ಘಟ್ಟದ ಹೆಂಗಸರು ಇದನ್ನು ಬೆನ್ನಿಗೆ ಹಾಕಿಕೊಂಡು, ಸುರಿಯುವ ಮಳೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುತ್ತಾರೆ. ನಮ್ಮ ಊರಿರುವುದು ಸುರಪುರ ತಾಲ್ಲೂಕಿನಲ್ಲಿ, ತಿಂಥಣಿಗೆ ಹತ್ತಿರ, ಕೃಷ್ಣೆಯ ದಂಡೆಯಲ್ಲಿ. ಇಲ್ಲಿ ಮಳೆಗಾಲದಲ್ಲೂ ಜನ ಕೊಡೆ ಬಿಚ್ಚುವುದು ಬಿಸಿಲಿಗೆ. ಹೀಗಾಗಿ ಮನೆಗೆ ಬಂದವರೆಲ್ಲ ಕೂತು ನೀರು ಕುಡಿಯುವ ಮೊದಲೇ, "ಇದೇನ್ರಿ ಮಾಸ್ತರ, ಕೋಳಿ ಮುಚ್ಚೋ ಬುಟ್ಟಿ ಇಷ್ಟು ದೊಡ್ಡದು?" ಎಂದು ಕೇಳುತ್ತಾರೆ. ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಮೊನ್ನೆ ಕರೆಂಟಿನ ಮೀಟರ್ ನೋಡಲು ಬಂದವನು ಮೀಟರ್ ಬಿಟ್ಟು ಇದನ್ನೇ ನೋಡುತ್ತ ನಿಂತ. ಅವನಿಗೆ ಇರ್ಲದ ಕಥೆ ಹೇಳಲು ಶುರುಮಾಡಿ, ಅದು ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಅವನು ಗಡಿಯಾರ ನೋಡಿಕೊಂಡು ಎದ್ದುಹೋದ. ಅವನು ಕೇಳದೆ ಬಿಟ್ಟದ್ದನ್ನು ನೀವಾದರೂ ಕೇಳಿ.

ಇರ್ಲ ತಂದದ್ದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ ಸುಮನ್. ಅಣ್ಣ ಹಣಮಂತ ಹರೆಯದಲ್ಲಿ ಮಹಾರಾಷ್ಟ್ರದ ಘಟ್ಟದ ಕಡೆ ರಸ್ತೆ ಕೆಲಸಕ್ಕೆ ರೋಲರ್ ಓಡಿಸಲು ಹೋಗಿದ್ದ. ರಸ್ತೆ ಮುಗಿಯಿತು, ಅವನು ಮದುವೆ ಮಾಡಿಕೊಂಡು ಬಂದ. ಕೃಷ್ಣೆ ಹುಟ್ಟುವ ಬೆಟ್ಟಸಾಲಿನಲ್ಲಿ, ಕಾಡಿನ ಅಂಚಿನ ಒಂದು ಹಳ್ಳಿ ವೈನಿಯ ತವರು. "ನಮ್ಮ ಮನಿ ಹಿಂದಿನ ಹಳ್ಳ ಕಡೀಕ ನಿಮ್ಮ ಹೊಳಿಗೇ ಬಂದು ಕೂಡತೈತಿ" ಎಂದು ಕನ್ನಡ ಕಲಿತ ಮೇಲೆ ಅವರು ಎಲ್ಲರಿಗೂ ಹೇಳುತ್ತಿದ್ದರು, ತವರಿನಿಂದ ಯಾರೋ ಜೊತೆಗೆ ಬಂದು ಪಕ್ಕದಲ್ಲೇ ಮನೆ ಮಾಡಿದ್ದಾರೆ ಎನ್ನುವಂತೆ.

ಅವರು ಬಂದದ್ದು ಮೇ ತಿಂಗಳಲ್ಲಿ. ಎರೆ ಭೂಮಿ ಅಂಗೈ ಅಗಲ ಬಿರಿದಿತ್ತು. ಹೊಲದ ಬದುವಿನಲ್ಲಿ ವೈನಿಯ ಕಾಲು ಮೊಣಕಾಲವರೆಗೆ ಬಿರುಕಿನೊಳಗೆ ಇಳಿಯಿತು. ಕಾಲು ಮೇಲೆ ಬಂತು, ಚಪ್ಪಲಿ ಬರಲಿಲ್ಲ. ಭೂಮಿ ಚಪ್ಪಲಿ ನುಂಗುವ ಊರಿಗೆ ತನ್ನನ್ನು ತಂದಿದ್ದಾರೆಂದು ಅವರು ಎರಡು ದಿನ ಅತ್ತರು. ಆಮೇಲೆ ಮೊದಲ ಮಳೆ ಬಿತ್ತು. ಹೊಲಕ್ಕೆ ಹೋಗಿ ಬಂದವರ ಕಾಲಿಗೆ ಒಬ್ಬೊಬ್ಬರಿಗೂ ಎರಡೆರಡು ಸೇರು ಮಣ್ಣು ಅಂಟಿತ್ತು. ವೈನಿ ಹೊಸ್ತಿಲಲ್ಲಿ ಕೂತು ಕಡ್ಡಿಯಿಂದ ಕೆರೆದುಕೊಳ್ಳುತ್ತ, ನಗಬೇಕೋ ಅಳಬೇಕೋ ತಿಳಿಯದೆ ನನ್ನ ಮುಖ ನೋಡಿದರು.

ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮಾಸ್ತರ. ಯಾರಾದರೂ ಮುಖ ನೋಡಿದರೆ ಅವರಿಗೆ ಪಾಠ ಬೇಕಾಗಿದೆ ಎಂದುಕೊಳ್ಳುವ ರೋಗ ನನಗೆ ಆಗಲೇ ಹತ್ತಿತ್ತು. ಎರೆ ಮಣ್ಣು ನೀರು ಹಿಡಿಯುವ ರೀತಿ, ಕಾಡಿನ ಮಣ್ಣು, ಮಾರುತಗಳು, ಎಲ್ಲವನ್ನೂ ಅಲ್ಲಿಯೇ ಹೇಳಿದೆ. "ನಿಮ್ಮ ಕಡೆ ಅಷ್ಟು ದಟ್ಟ ಕಾಡು ಐತಲ್ರಿ ವೈನಿ, ಅದಕ್ಕ ಕಾರಣ ಅಲ್ಲಿ ಮಣ್ಣು ಭಾಳ ಫಲವತ್ತಾದದ್ದು" ಎಂದೆ.

"ಹೌದೇನ್ರಿ ಭಾವೂಜಿ?" ಎಂದರು ವೈನಿ. ಗಂಡನ ತಮ್ಮನನ್ನು ಅವರ ಕಡೆ ಹಾಗೆ ಕರೆಯುತ್ತಾರೆ. "ಯಾರು ಹೇಳಿದ್ರು?"

"ನಾನೇ ಸಾಲ್ಯಾಗ ಹೇಳತೀನಿ."

"ಹಂಗಾರ ಖರೇನ ಇರಬೇಕು" ಎಂದು ಒಳಗೆ ಹೋದರು. ಒಳಗೆ ಹೋಗಿ ನಕ್ಕದ್ದು ನನಗೆ ಕೇಳಿಸಿತು.

ನಮ್ಮ ಊರಿನ ಗೋಳು ಏನೆಂದರೆ, ಇಲ್ಲಿ ಮಳೆ ಇಲ್ಲ, ಆದರೆ ಪ್ರವಾಹ ಇದೆ. ಜುಲೈ ತಿಂಗಳಲ್ಲಿ ತೊಗರಿ ಹತ್ತಿ ಮುಗಿಲು ನೋಡುತ್ತ ಬಾಡುತ್ತಿರುತ್ತವೆ. ಯಾದಗಿರಿಯಿಂದ ಶಹಾಪುರದವರೆಗೆ ರಸ್ತೆಯ ಧೂಳು ಬಸ್ಸಿನ ಹಿಂದೆ ಓಡುತ್ತಿರುತ್ತದೆ. ಅದೇ ಹೊತ್ತಿಗೆ ಎಲ್ಲೋ ನೂರಾರು ಮೈಲಿ ಆಚೆ, ನಾವು ಕಾಣದ ಕಾಡಿನ ಮೇಲೆ ಮಳೆ ಹಿಡಿದಿರುತ್ತದೆ. ಆ ನೀರು ಜಲಾಶಯಗಳನ್ನು ತುಂಬಿ, ಗೇಟು ಎತ್ತಿಸಿಕೊಂಡು, ಸುಡುವ ಬಿಸಿಲಿನಲ್ಲಿ ಹೊಳಪಾಗಿ ನಮ್ಮ ಗದ್ದೆಗೆ ಏರಿಬರುತ್ತದೆ. ಬೆವರು ಒರೆಸಿಕೊಳ್ಳುತ್ತ ಮುಳುಗುವ ಭಾಗ್ಯ ಬೇರೆ ಯಾವ ಊರಿಗಿದೆಯೋ ನನಗೆ ಗೊತ್ತಿಲ್ಲ. ದಂಡೆಯಲ್ಲಿ ಎಲ್ಲರ ಪಂಪಿನ ಮೋಟರುಗಳಿರುತ್ತವೆ. ಹೊಳೆ ಏರುವ ಮೊದಲು ಅವನ್ನು ಬಿಚ್ಚಿ ಮೇಲೆ ಸಾಗಿಸಬೇಕು. ತಡ ಮಾಡಿದರೆ ಮೋಟರ್ ಹೊಳೆಯ ಪಾಲು.

ಇದಕ್ಕೆ ವೈನಿ ಕಂಡುಕೊಂಡ ದಾರಿ ಫೋನು. ತಾಯಿಗೆ ದಿನಾ ಬೆಳಿಗ್ಗೆ ಫೋನ್ ಮಾಡಿ, "ಆಯಿ, ಮಳಿ ಹೆಂಗೈತಿ? ಹಳ್ಳ ಎಷ್ಟು ಸಪ್ಪಳ ಮಾಡಾಕತ್ತೈತಿ?" ಎಂದು ಕೇಳುವುದು. ಆಯಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇರುವ ಗಟ್ಟಿ ಹೆಂಗಸು. ಹಳ್ಳದ ಸಪ್ಪಳಕ್ಕೆ ಅವರದೇ ಅಳತೆಯಿತ್ತು: ಮಾತಾಡಿದರೆ ಕೇಳಿಸುತ್ತದೆ, ಕೂಗಿದರೆ ಕೇಳಿಸುತ್ತದೆ, ಕೂಗಿದರೂ ಕೇಳಿಸುವುದಿಲ್ಲ. ಮೂರನೆಯದು ಬಂತೆಂದರೆ ವೈನಿ ಬೆರಳು ಎಣಿಸಿ, "ಇನ್ನ ಐದು ದಿನಕ್ಕ ಹೊಳಿ ಬರತೈತಿ, ಮೋಟರ್ ಎತ್ತರಿ" ಎನ್ನುವರು. ಮೊದಲ ವರ್ಷ ನಾವು ನಕ್ಕೆವು, ಮೋಟರ್ ಹಾಳಾಯಿತು. ಎರಡನೆಯ ವರ್ಷದಿಂದ ಯಾರೂ ನಗಲಿಲ್ಲ. ಊರಿನ ಅರ್ಧ ಜನ ಬೆಳಗಾಗುತ್ತಲೇ ನಮ್ಮ ಕಟ್ಟೆಗೆ ಬಂದು ಕೂಡಲು ಶುರುಮಾಡಿದರು.

ಇದು ನನಗೆ ಸಹಿಸಲಾಗಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನದಿ ಎಂದರೆ ಏನು, ಜಲಾನಯನ ಎಂದರೆ ಏನು ಎಂದು ಕಪ್ಪುಹಲಗೆಯ ಮೇಲೆ ಬರೆದು ಬರೆದು ನನ್ನ ಬೆರಳು ಸವೆದಿವೆ. ಪಂಚಾಯಿತಿಯವರು ಹೊಳೆಯ ನೀರಿನ ಸೂಚನೆ ಕಳಿಸುವ ಗುಂಪು ನನ್ನ ಫೋನಿನಲ್ಲೇ ಇದೆ. ಆದರೂ ನಮ್ಮ ಪಕ್ಕದ ಹೊಲದ ಖಾಸೀಂಸಾಬರು ನನ್ನನ್ನು ದಾಟಿ ಅಡಿಗೆಮನೆಯ ಬಾಗಿಲಿಗೆ ಹೋಗಿ, "ಏನಂತಾರವಾ ನಿಮ್ಮ ಅಮ್ಮಾಜಾನ್?" ಎಂದು ಕೇಳುತ್ತಿದ್ದರು. "ಸಾಬರ, ನನ್ನ ಫೋನಿನ್ಯಾಗೂ ಬರತೈತ್ರಿ" ಎಂದರೆ, "ಬರಲಿ ಬಿಡ್ರಿ ಮಾಸ್ತರ್ರೆ, ಪಾಪ" ಎನ್ನುತ್ತಿದ್ದರು. ಆ ಪಾಪ ಯಾರಿಗೆ ಹೇಳಿದ್ದು, ನನಗೋ ಫೋನಿಗೋ, ನಾನು ಕೇಳಲಿಲ್ಲ.

ಹೋದ ವರ್ಷದ ಹಿಂದಿನ ಮಳೆಗಾಲದಲ್ಲಿ ನಡೆದದ್ದು ಇದು. ಒಂದು ಸಂಜೆ ವೈನಿ ಹೇಳಿದರು, "ನಿನ್ನಿಯಿಂದ ಹಿಡದೈತಂತ. ಇನ್ನೂ ಮೂರ್ನಾಕು ದಿನ ಐತಿ. ನಾಡದು ಎತ್ತಿದರ ಸಾಕು." ಅಣ್ಣ ಒಪ್ಪಿದ. ಖಾಸೀಂಸಾಬರಿಗೆ ಮಾತ್ರ ಅಂದು ಯಾಕೋ ಸಮಾಧಾನವಿರಲಿಲ್ಲ. ಎಂದೂ ಕೇಳದವರು ನನ್ನನ್ನು ಕೇಳಿದರು: "ಮಾಸ್ತರ್ರೆ, ನಿಮ್ಮ ಫೋನಿನ್ಯಾಗ ಏನರ ಬಂದೈತೇನ್ ನೋಡ್ರಿ."

ನೋಡದೆಯೇ ಹೇಳಿದೆ, "ಏನೂ ಬಂದಿಲ್ರಿ. ಬಂದಿದ್ದರ ಸಪ್ಪಳ ಆಗತಿತ್ತು."

ಮರುದಿನ ಬೆಳಿಗ್ಗೆ ಹೊತ್ತು ಏರುವ ಮೊದಲೇ ಹೊಳೆ ಜಾಲಿ ಗಿಡಗಳ ಬುಡಕ್ಕೆ ಬಂದಿತ್ತು. ಅಣ್ಣ ಬೋಲ್ಟ್ ಬಿಚ್ಚುವ ಪಾನಾ ಹಿಡಿದುಕೊಂಡು ಓಡಿದ. ಹಿಂದೆ ನಾನು, ನನ್ನ ಹಿಂದೆ ವೈನಿ. ಖಾಸೀಂಸಾಬರು ತಮ್ಮ ಮೋಟರನ್ನು ರಾತ್ರಿಯೇ ಎತ್ತಿಸಿ ಬೇವಿನ ಮರದ ಕೆಳಗೆ ಇಟ್ಟಿದ್ದರು. ನಮ್ಮದರ ಕಲ್ಲಿನ ಕಟ್ಟೆಯ ಮೇಲೆ ಮೊಣಕಾಲುದ್ದ ನೀರು. ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ನಾನೂ ಸಾಬರೂ ಹಿಡಿದೆವು. ಒಂದು ಬೋಲ್ಟ್ ಬಿಚ್ಚಿದ, ಎರಡು ಬಿಚ್ಚಿದ. ನೀರು ಸೊಂಟಕ್ಕೆ ಬಂತು.

"ಬಿಡ್ರಿ ಅದನ್ನ!" ವೈನಿ ದಂಡೆಯಿಂದ ಕೂಗಿದರು. "ಕಬ್ಬಿಣ ಹೋದರ ಹೋಗಲಿ, ಮ್ಯಾಲ ಬರ್ರಿ!"

"ಇನ್ನೊಂದ ಬೋಲ್ಟ್ ಐತಿ!"

"ಹಣಮಂತಾ, ಬಾರೋ ಮ್ಯಾಲ!" ಎಂದು ಸಾಬರು ಗದರಿದರು.

ಅವನು ತಲೆ ಎತ್ತಲಿಲ್ಲ. ಅಷ್ಟರಲ್ಲಿ ಕಟ್ಟೆಯ ಕೆಳಗಿನ ಮಣ್ಣು ಕುಸಿಯಿತು. ಕಟ್ಟೆ, ಮೋಟರ್, ಅಣ್ಣ ಮೂವರೂ ಒಟ್ಟಿಗೆ ಕಾಣೆಯಾದರು. ಹಗ್ಗ ನನ್ನ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಸಾಬರು ಹಗ್ಗವನ್ನು ಬೆನ್ನಿಗೆ ಸುತ್ತಿ ಕೂತುಬಿಟ್ಟರು, ವೈನಿ ಬಂದು ನನ್ನ ಹಿಂದೆ ಹಿಡಿದರು. ಎಷ್ಟು ಹೊತ್ತು ಎಳೆದೆವೋ ಗೊತ್ತಿಲ್ಲ. ಒಂದಿಷ್ಟು ಕೆಳಗೆ, ಜಾಲಿಯ ಪೊದೆಯೊಂದರಲ್ಲಿ ಅಣ್ಣನ ತಲೆ ಕಾಣಿಸಿತು. ಮೈತುಂಬ ಮುಳ್ಳು ಗೀರಿತ್ತು. ಪಾನಾ ಇನ್ನೂ ಮುಷ್ಟಿಯಲ್ಲೇ ಇತ್ತು.

ತಲೆಯ ಮೇಲೆ ಒಂದು ಮೋಡವಿಲ್ಲ. ದೂರದ ಸೇತುವೆಯ ಮೇಲೆ ಹೊಳೆ ನೋಡಲು ಬಂದವರು ಫೋಟೋ ತೆಗೆಯುತ್ತಿದ್ದರು. ಅವರಲ್ಲೊಬ್ಬ ನಮ್ಮ ಕಡೆ ಕೈ ಬೀಸಿದ. ನನ್ನ ಜೀವನದಲ್ಲಿ ಯಾರ ಮೇಲೂ ನನಗೆ ಅಷ್ಟು ಸಿಟ್ಟು ಬಂದಿಲ್ಲ.

ದಂಡೆಯ ಮೇಲೆ ಕೂತು ಫೋನ್ ತೆಗೆದೆ. ನೀರು ಹೆಚ್ಚು ಬಿಡುತ್ತಾರೆ, ನದಿಗೆ ಇಳಿಯಬೇಡಿ ಎಂಬ ಸೂಚನೆ ಹಿಂದಿನ ಮಧ್ಯಾಹ್ನವೇ ಬಂದಿತ್ತು. ಅದರ ಮೇಲೊಂದು ಕಮಲದ ಹೂವಿನ ಶುಭಮುಂಜಾನೆ, ಕೆಳಗೊಂದು ಗುಲಾಬಿಯ ಶುಭರಾತ್ರಿ. ಈ ಹೂವುಗಳ ಕಾಟಕ್ಕೆ ಬೇಸತ್ತು ನಾನೇ ಒಂದು ವಾರದ ಹಿಂದೆ ಆ ಗುಂಪಿನ ಸಪ್ಪಳ ಬಂದ್ ಮಾಡಿದ್ದೆ. ಮುಚ್ಚಿಡಲು ಮನಸ್ಸಾಗಲಿಲ್ಲ, ಅಣ್ಣನಿಗೆ ತೋರಿಸಿದೆ. ಅವನು ಮುಳ್ಳು ಕೀಳುತ್ತ ಓದಿದ. "ಇರಲಿ ಬಿಡು. ಹೂವು ಕಳಿಸಿದವರಿಗೆ ನನ್ನ ಕಡಿಂದನೂ ಒಂದು ನಮಸ್ಕಾರ ಹೇಳು" ಎಂದ.

ವೈನಿಗೆ ಅರ್ಥವಾಗದ್ದು ಒಂದೇ. ಲೆಕ್ಕ ಹೇಗೆ ತಪ್ಪಿತು? ಅದಕ್ಕೆ ಉತ್ತರ ಅಂದು ಮಧ್ಯಾಹ್ನ ಆಯಿಯ ಫೋನಿನಲ್ಲಿ ಬಂತು. ಮಳೆ ಎಂದಿನಂತೆ ಸಣ್ಣಗೆ ಹಿಡಿಯದೆ ಒಮ್ಮೆಲೇ ಸುರಿದು, ಮನೆಯ ಮೇಲಿನ ಇಳಿಜಾರು ಕುಸಿದಿತ್ತು. ಮನೆ ಉಳಿದಿದೆ, ಜನ ಉಳಿದಿದ್ದಾರೆ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದ ಗದ್ದೆ ಪೂರ್ತಿ ಹಳ್ಳಕ್ಕೆ ಹೋಗಿದೆ. ವೈನಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಹಳ್ಳದ ಸಪ್ಪಳದ ಬಗ್ಗೆ ಆ ದಿನ ಅವರು ಕೇಳಲಿಲ್ಲ.

ಹದಿನೈದು ದಿನಕ್ಕೆ ಹೊಳೆ ಇಳಿಯಿತು. ನಮ್ಮ ಗದ್ದೆಯ ಮೇಲೆ ಗೇಣುದ್ದ ಒಂಡು ಕೂತಿತ್ತು. ನೀರು ತಂದು ಬಿಟ್ಟ ಮಣ್ಣಿಗೆ ನಾವು ಹಾಗೆನ್ನುತ್ತೇವೆ. ಮೆತ್ತಗೆ, ಬೆಣ್ಣೆಯ ಹಾಗೆ. ವೈನಿ ಸೆರಗು ಸಿಕ್ಕಿಸಿಕೊಂಡು ಅದರೊಳಗೆ ನಡೆದುಹೋದರು. ನಡುವೆ ನಿಂತು, ಬಗ್ಗಿ, ಎರಡೂ ಕೈಯಿಂದ ಒಂದಿಷ್ಟು ಎತ್ತಿಕೊಂಡರು. "ನಮ್ಮ ಆಯಿ ಹೊಲ" ಎಂದರು. "ಅಲ್ಲಿ ಹೋಗಿದ್ದು ಇಲ್ಲಿಗೆ ಬಂದೈತಿ. ಎಲ್ಲೂ ಹೋಗಿಲ್ಲ."

ಅಣ್ಣ ಸುಮ್ಮನಿದ್ದ. ಖಾಸೀಂಸಾಬರು ಟೋಪಿ ಸರಿಮಾಡಿಕೊಂಡು ನೆಲ ನೋಡಿದರು. ಮೂರನೆಯವನಾಗಿ ನಾನೂ ಸುಮ್ಮನಿರಬಹುದಿತ್ತು. ನೀವೇ ಹೇಳಿ, ಎಷ್ಟು ಸುಲಭದ ಕೆಲಸ! ನಾನು ಗಂಟಲು ಸರಿಮಾಡಿಕೊಂಡೆ.

"ಹಂಗಾಗೂದಿಲ್ರಿ ವೈನಿ. ನಡುವ ಮೂರು ಆಣೆಕಟ್ಟು ಅದಾವ. ನಿಮ್ಮ ಕಡೆ ಮಣ್ಣು ಅಲ್ಲೇ ತಳಕ್ಕ ಕೂಡತೈತಿ. ಇದು ಇಲ್ಲೇ ದಂಡಿ ಕೊರಕೊಂಡು ಬಂದ ಮಣ್ಣು."

ವೈನಿ ಕೈಯಲ್ಲಿದ್ದದ್ದನ್ನು ಕೆಳಗೆ ಬಿಟ್ಟು, ಕೈ ಒರೆಸಿಕೊಂಡು ಮನೆಗೆ ನಡೆದರು. "ಇವತ್ತು ಸಾಲಿ ಸೂಟಿ ಐತಲ್ಲೋ ತಮ್ಮ" ಎಂದ ಅಣ್ಣ. "ಒಂದಿನ ಬಾಯಿಗೂ ಸೂಟಿ ಕೊಡಬಾರದಾಗಿತ್ತೇನು?"

ಆವತ್ತಿನಿಂದ ವೈನಿ ನನ್ನೊಡನೆ ಮಾತು ಬಿಟ್ಟರು. ರೊಟ್ಟಿ ಬಿಸಿಯಾಗಿಯೇ ಬರುತ್ತಿತ್ತು, ಪುಂಡಿಪಲ್ಲೆ ಎರಡನೆಯ ಸಲವೂ ಬರುತ್ತಿತ್ತು, ಮಾತು ಮಾತ್ರ ಇಲ್ಲ. "ಸಾಲಿಗೆ ಹೊತ್ತಾತಂತ ಹೇಳ್ರಿ" ಎಂದು ನನ್ನ ಎದುರಿಗೇ ಅಣ್ಣನಿಗೆ ಹೇಳುವರು. "ಹೊತ್ತಾತಂತೋ" ಎಂದು ಅಣ್ಣ ನನಗೆ ಹೇಳುವನು. "ಕೇಳಿಸ್ತು" ಎಂದು ನಾನೆಂದರೆ, "ಕೇಳಿಸ್ತಂತ" ಎಂದು ಅವನು ಅಡಿಗೆಮನೆಗೆ ತಿಳಿಸುವನು. ದಸರೆ ಹೋಯಿತು, ದೀಪಾವಳಿ ಹೋಯಿತು. ಸರಿಯಾದ ಸಂಗತಿ ಹೇಳಿದ್ದಕ್ಕೆ ಇಂಥ ಶಿಕ್ಷೆಯೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಶಾಲೆಯಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೆ. ನನ್ನ ಮಾತು ಸರಿಯಾಗಿತ್ತು ಎನ್ನುವುದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು. ತಪ್ಪಾಗಿದ್ದರೆ ತಪ್ಪಾಯಿತೆಂದು ಹೇಳಿ ಮುಗಿಸಬಹುದಿತ್ತು.

ಚಳಿಗಾಲ ಶುರುವಾದಾಗ ಆಯಿ ಮಗಳನ್ನು ನೋಡಲು ಬಂದರು. ಅವರ ಮಾತು ಮರಾಠಿ. ಸೋಲಾಪುರದಲ್ಲಿ ಎರಡು ವರ್ಷ ಓದಿದ್ದರಿಂದ ನನಗೆ ತಿಳಿಯುತ್ತದೆ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಬಂದ ಮರುದಿನ ವೈನಿ ತಾಯಿಯ ಕೈ ಹಿಡಿದು ಗದ್ದೆಗೆ ಕರೆದೊಯ್ದರು. ಹಿಂದೆ ನಾವೂ ಹೋದೆವು. ಆಯಿ ಒಂದು ಹೆಂಟೆ ಎತ್ತಿ, ಪುಡಿಮಾಡಿ, ಮೂಸಿ, ನಾಲಿಗೆ ತುದಿಗೆ ಹಚ್ಚಿ ನೋಡಿದರು.

"ನಮ್ಮದಲ್ಲ ಬಿಡು ಇದು" ಎಂದರು. "ನಮ್ಮದು ಕೆಂಪು. ಇದು ಕಪ್ಪೈತಿ."

ವೈನಿಯ ಕಣ್ಣಲ್ಲಿ ನೀರು ಬಂತು. ನಾನು ಗೆದ್ದಿದ್ದೆ. ಆದರೆ ಆ ಮುಖ ನೋಡಿ ನನಗೆ ಎಲ್ಲಾದರೂ ಓಡಿಹೋಗೋಣ ಅನ್ನಿಸಿತು.

ಆಯಿ ಬದುವಿನ ಮೇಲೆ ಕೂತು, ಹೊಳೆ ನೋಡುತ್ತ, ನಿಧಾನವಾಗಿ ಹೇಳಿದರು. ಮೊದಲು ಅವರ ಕಡೆ ಮಳೆ ವಾರಗಟ್ಟಲೆ ಸಣ್ಣಗೆ ಹಿಡಿಯುತ್ತಿತ್ತು. ಕಾಡಿನಲ್ಲಿ ಅದು ನೆಲಕ್ಕೆ ನೇರವಾಗಿ ಬೀಳುವುದೇ ಇಲ್ಲ. ಎಲೆಯ ಮೇಲೆ ಬಿದ್ದು, ಕೊಂಬೆ ಹಿಡಿದು ಇಳಿದು, ಕೆಳಗಿನ ಕೊಳೆತ ತರಗೆಲೆಯೊಳಗೆ ಇಂಗುತ್ತದೆ. ಗುಡ್ಡ ಅದನ್ನು ಕುಡಿದು ಕೂಡುತ್ತದೆ, ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದಕ್ಕೇ ಎಷ್ಟು ಮಳೆ ಬಂದರೂ ಕಾಡಿನ ಹಳ್ಳ ತಿಳಿಯಾಗಿಯೇ ಇರುತ್ತಿತ್ತು.

"ಈಗ ಮ್ಯಾಲಿನ ಗುಡ್ಡ ಕಡದು ಮನಿ ಕಟ್ಟಾಕ ದಾರಿ ಮಾಡ್ಯಾರ" ಎಂದರು. "ಮಳಿನೂ ಮೊದಲಿನಂಗ ಇಲ್ಲ. ಇಪ್ಪತ್ತು ದಿನ ಸುಮ್ಮನಿದ್ದು, ಎರಡು ದಿನದಾಗ ಎಲ್ಲಾ ಸುರೀತೈತಿ. ಕುಡಿಯಾಕ ಗುಡ್ಡಕ್ಕ ಪುರುಸೊತ್ತೇ ಕೊಡಂಗಿಲ್ಲ. ಹಳ್ಳ ಕೆಂಪಾಗಿ ಹೋತು. ನಿನಗ ಐದು ದಿನದ ಲೆಕ್ಕ ಹೇಳಿಕೊಟ್ಟಿದ್ದೆ ಮಗಳ, ಅದು ಹಳೇ ಮಳಿ ಲೆಕ್ಕ."

ಮಾಸ್ತರನಿಗೆ ತಡೆಯಲಾಗಲಿಲ್ಲ. "ಆದ್ರ ಆಯಿ, ಕಾಡಿನ ಮಣ್ಣು ಅಷ್ಟು ಫಲವತ್ತಾದದ್ದು. ಗಿಡ ಮತ್ತ ಬೆಳೀತಾವಲ್ಲ?"

ಆಯಿ ನನ್ನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದರು. "ಇವರೇನು ಮಾಸ್ತರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂಗೈ ಅಡ್ಡ ಹಿಡಿದು ತೋರಿಸಿದರು. "ಇಷ್ಟೇ ಇರೋದು ನಮ್ಮ ಕಡೆ ಒಳ್ಳೇ ಮಣ್ಣು. ಅದರ ಕೆಳಗ ಬರೇ ಕೆಂಪು ಜಂಬಿಟ್ಟಿಗೆ ಕಲ್ಲು. ಅದರಾಗಿನ ಸಾರ ಮಳಿ ಎಂದೋ ತೊಳಕೊಂಡು ಹೋಗೈತಿ. ಕಾಡು ಬದಕೋದು ತನ್ನ ಎಲಿ ತಾನೇ ಉದುರಿಸಿ, ಅದನ್ನ ತಾನೇ ತಿಂದು. ಗಿಡ ಹೋದರ ಎಲಿ ಹೋತು, ಎಲಿ ಹೋದರ ಮಣ್ಣು ಹೋತು. ಮತ್ತ ಎಲ್ಲಿಂದ ಬೆಳೀತೈತಿ? ಗದ್ದಿ ಮಣ್ಣು ನಮ್ಮತ್ತಿ, ಅವರತ್ತಿ ವರ್ಷಾ ವರ್ಷಾ ಎಲಿ ಹೊತ್ತು ಹಾಕಿ ಮಾಡಿದ್ದು."

ಇಪ್ಪತ್ತು ವರ್ಷಗಳಿಂದ "ಮಣ್ಣು ಫಲವತ್ತಾಗಿರುವುದರಿಂದ ಕಾಡು ದಟ್ಟವಾಗಿದೆ" ಎಂದು ಬರೆದ ಮಕ್ಕಳಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೇನೆ. ಬೇರೆ ಏನೋ ಬರೆದ ಒಬ್ಬಳಿಗೆ ಸೊನ್ನೆ ಕೊಟ್ಟದ್ದೂ ನೆನಪಾಯಿತು. ಅವಳು ಈಗ ಎಲ್ಲಿದ್ದಾಳೋ.

"ಹಂಗಾರ ನಮ್ಮ ಮಣ್ಣು ಎಲ್ಲಿ ನಿಂತೈತಿ?" ಎಂದು ಆಯಿ ನನ್ನನ್ನು ಕೇಳಿದರು. ದಾರಿಯಲ್ಲಿ ಮೂರು ಆಣೆಕಟ್ಟುಗಳಿವೆ, ಅವುಗಳ ತಳದಲ್ಲಿ ಎಂದೆ. "ಅಲ್ಲಿಂದ ಯಾರು ತಗೀತಾರ?" ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ವೈನಿ ತಿರುಗಿ ನನ್ನನ್ನು ನೋಡಿದರು. ಮಾತಾಡಲಿಲ್ಲ, ಆದರೆ ನೋಡಿದರು.

ಆಯಿ ಹೊರಡುವ ದಿನ ಬೆಳಿಗ್ಗೆ ಗದ್ದೆಯಲ್ಲಿ ತಾಯಿ ಮಗಳು ಗೊಬ್ಬರದ ಖಾಲಿ ಚೀಲ ಹಿಡಿದು ಬಗ್ಗಿದ್ದರು. ಒಂಡು ಮಣ್ಣನ್ನು ಬೊಗಸೆ ಬೊಗಸೆಯಾಗಿ ತುಂಬುತ್ತಿದ್ದರು. ಕುಸಿದ ಗದ್ದೆಯ ಮೇಲಿನ ಒಂದು ಮೆಟ್ಟಿಲಿಗೆ ಮಗ ಮತ್ತೆ ಕಲ್ಲು ಕಟ್ಟಿದ್ದಾನೆ, ಅಲ್ಲಿ ಹಾಕಲು ಎಂದರು ಆಯಿ. ಸುರಪುರದಿಂದ ಎರಡು ಬಸ್ಸು, ಆಮೇಲೆ ಒಂದು ಜೀಪು, ಆಮೇಲೆ ಗುಡ್ಡ ಹತ್ತಬೇಕು. ಒಂದು ಚೀಲ ಮಣ್ಣು! ಒಂದು ಮೆಟ್ಟಿಲಿನ ಒಂದು ಮೂಲೆಗೂ ಸಾಲುವುದಿಲ್ಲ. ಬೇರೆ ಗುಣದ ಮಣ್ಣು ಬೇರೆ, ಅಲ್ಲಿಯ ಮಳೆಗೆ ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು. ನನ್ನ ಬಾಯಿ ಅರ್ಧ ತೆರೆದದ್ದನ್ನು ಆಯಿ ಕಂಡರು.

"ನೀರಿನ ದಾರ್ಯಾಗ ಮೂರು ಆಣೆಕಟ್ಟು ಅದಾವ ಅಂದ್ರಿ, ಒಪ್ಪಿದೆ" ಎಂದರು. "ಬಸ್ಸಿನ ದಾರ್ಯಾಗ ಎಷ್ಟ ಅದಾವ ಹೇಳ್ರಿ ನೋಡೋಣ."

ಖಾಸೀಂಸಾಬರು ಬದುವಿನಾಚೆ ನಿಂತು ಜೋರಾಗಿ ನಕ್ಕರು. ನಾನು ಬಾಯಿ ಮುಚ್ಚಿದೆ. ವೈನಿ ಚೀಲದ ಬಾಯಿ ಕಟ್ಟಿ, ಒಂದು ತುದಿ ಹಿಡಿದು, ಸುತ್ತ ನೋಡಿದರು. ಅಣ್ಣ ಟ್ರ್ಯಾಕ್ಟರ್ ತರಲು ಹೋಗಿದ್ದ. ಹತ್ತಿರ ಇದ್ದವನು ನಾನೊಬ್ಬನೇ.

"ಭಾವೂಜಿ, ಒಂದ ಕಡೆ ಹಿಡೀರಿ" ಎಂದರು.

ಹಿಡಿದೆ. ಹಸಿ ಮಣ್ಣಿನ ಚೀಲ ಎಷ್ಟು ಭಾರ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬಸ್‌ ಸ್ಟ್ಯಾಂಡಿನಲ್ಲಿ ಕಂಡಕ್ಟರ್, "ಏನ್ರಿ ಇದು, ಶೇಂಗಾನಾ?" ಎಂದು ಕೇಳಿದ. "ಮಣ್ಣು" ಎಂದೆ. ಅವನು ನನ್ನನ್ನೂ, ಶಾಲೆಗೆಂದು ಹಾಕಿಕೊಂಡಿದ್ದ, ಆಗಲೇ ಕಪ್ಪಾಗಿದ್ದ ನನ್ನ ಅಂಗಿಯನ್ನೂ ನೋಡಿ, ಬೇರೇನೂ ಕೇಳದೆ ಡಿಕ್ಕಿಯ ಬಾಗಿಲು ತೆಗೆದ. ಆಯಿ ಕಿಟಕಿಯಿಂದ ಕೈ ಬೀಸಿದರು. ಬಸ್ಸು ಹೋಯಿತು.

ಹೊರಗೆ ಟ್ರ್ಯಾಕ್ಟರಿನಲ್ಲಿ ಅಣ್ಣ ಕಾಯುತ್ತಿದ್ದ. ಹಿಂದೆ ಟ್ರಾಲಿಯಲ್ಲಿ ನಾವಿಬ್ಬರೂ ಹತ್ತಿ ಕೂತೆವು. ವೈನಿ ನನ್ನ ಮುಖ ನೋಡಿದರು.

"ಏನೋ ಹೇಳಬೇಕಂತ ಬಾಯಿ ತುರಸಾಕತ್ತೈತಲ್ರಿ ನಿಮಗ?"

"ಹೌದ್ರಿ ವೈನಿ."

"ಹೇಳಬ್ಯಾಡ್ರಿ."

ಹೇಳಲಿಲ್ಲ. ಶಾಲೆಯ ಮುಂದೆ ನಾನು ಇಳಿಯಬೇಕಿತ್ತು, ಇಳಿಯಲೂ ಇಲ್ಲ. ಊರು ಮುಟ್ಟುವವರೆಗೆ ವೈನಿಯೇ ಮಾತಾಡಿದರು. ಆ ಗದ್ದೆಗೆ ಹನ್ನೊಂದು ಮೆಟ್ಟಿಲುಗಳಿದ್ದವಂತೆ. ಮೂರನೆಯದರ ಮೂಲೆಯಲ್ಲಿ ಏಡಿ ಸಿಗುತ್ತಿದ್ದವಂತೆ. ಏಳನೆಯದು ಎಷ್ಟು ಸಣ್ಣದೆಂದರೆ ಒಂಬತ್ತು ಸಸಿ ನೆಟ್ಟರೆ ಮುಗಿಯುತ್ತಿತ್ತಂತೆ, ಅದನ್ನು ಆಯಿ ಇವರ ಹೆಸರಿಗೆ ಬಿಟ್ಟಿದ್ದರಂತೆ. ಒಂದೊಂದನ್ನೂ ಮೇಲಿನಿಂದ ಕೆಳಗಿನವರೆಗೆ ಹೇಳಿದರು. ಟ್ರ್ಯಾಕ್ಟರಿನ ಸಪ್ಪಳದಲ್ಲಿ ಕೆಲವು ಮಾತು ನನಗೆ ಕೇಳಿಸಲಿಲ್ಲ. ಹತ್ತಿರ ಸರಿದು ಕೂತು, ಮತ್ತೊಮ್ಮೆ ಹೇಳಿರೆಂದು ಕೇಳಿದೆ.